ಸುಮ್ಮನಿದ್ದಾಗ ಮಿದುಳು ಏನ್ ಮಾಡ್ತಿರುತ್ತೆ? ವಯಸ್ಸಾದಾಗ ಏನಾಗುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತು ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ನೀವು ಗಾಡಿ ಓಡಿಸ್ತಾ ಇಲ್ಲ ಅಂದ್ರೆ ಮಾತ್ರ, ಹತ್ತು ಸೆಕೆಂಡ್ ಕಣ್ಣು ಮುಚ್ಚಿ. ಏನನ್ನೂ ಯೋಚನೆ ಮಾಡ್ಬೇಡಿ.

(ಹತ್ತು ಸೆಕೆಂಡ್ ಮೌನ)

ಆಯ್ತಾ? ಆಗಲಿಲ್ಲ ಅಲ್ವಾ? ಯಾರದ್ದೋ ಮೆಸೇಜಿಗೆ ಉತ್ತರ ಕೊಟ್ಟಿಲ್ಲ ಅನ್ನೋದು ನೆನಪಾಗಿರುತ್ತೆ. ನಾಳೆ ಬೆಳಿಗ್ಗೆ ತಿಂಡಿ ಏನು ಅಂತ ಬಂದಿರುತ್ತೆ. ಯಾವಾಗಲೋ ಯಾರೋ ಅಂದ ಮಾತು ಮತ್ತೆ ಕೇಳಿಸಿರುತ್ತೆ.

ಈ ಪ್ರಯೋಗವನ್ನ ನಾನು ಹತ್ತು ಸೆಕೆಂಡ್ ಅಲ್ಲ, ಹತ್ತು ನಿಮಿಷ ಮಾಡಿದ್ದೀನಿ. ಎಂಆರ್‌ಐ ಯಂತ್ರದ ಒಳಗೆ ಮಲಗಿಕೊಂಡು. ಕಾಯಿಲೆ ಏನೂ ಇರಲಿಲ್ಲ. ನನ್ನ ಗೆಳತಿಯೊಬ್ಬಳು ಮಿದುಳಿನ ಬಗ್ಗೆ ಪಿಎಚ್‌ಡಿ ಮಾಡ್ತಿದ್ದಾಳೆ. ಅವಳ ಸಂಶೋಧನೆಗೆ ಆರೋಗ್ಯವಂತರು ಬೇಕಿತ್ತು. "ಸುಮ್ಮನೆ ಮಲಗೋ ಕೆಲಸ ಕಣೇ, ನಿನಗೆ ಹೇಳಿ ಮಾಡಿಸಿದ್ದು" ಅಂತ ಕರ್ಕೊಂಡು ಹೋದಳು. ಎದುರಿಗೆ ಒಂದು ಸಣ್ಣ ಪರದೆ, ಅದರ ಮಧ್ಯೆ ಒಂದು ಕೂಡು ಚಿಹ್ನೆ. ಸೂಚನೆ ಇಷ್ಟೇ: ಅದನ್ನ ನೋಡ್ತಾ ಇರು, ಅಲ್ಲಾಡಬೇಡ, ನಿದ್ದೆ ಮಾಡಬೇಡ, ವಿಶೇಷವಾಗಿ ಏನನ್ನೂ ಯೋಚನೆ ಮಾಡಬೇಡ.

ಯಂತ್ರ ಟಕಟಕ ಅಂತ ಬಡ್ಕೊಳ್ತಾ ಇತ್ತು. ಎರಡು ನಿಮಿಷ ಆಗೋಷ್ಟರಲ್ಲಿ ನಾನು ಆ ಕೋಣೆಯಲ್ಲೇ ಇರಲಿಲ್ಲ. ತಿಪಟೂರಿನಲ್ಲಿ, ನಮ್ಮ ಮನೆಯ ಹಾಲ್‌ನಲ್ಲಿ, ಅಪ್ಪನ ಮುಂದೆ ನಿಂತಿದ್ದೆ.

ಅಲ್ಲಿ ಮೂರು ವಾರದ ಹಿಂದೆ ನಡೆದದ್ದನ್ನ ಮೊದಲು ಹೇಳ್ತೀನಿ. ಈ ಸಂಚಿಕೆ ಮಾಡೋಕೆ ಅದೇ ಕಾರಣ.

ಅಪ್ಪನಿಗೆ 67 ವರ್ಷ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಲ್ಲಿ ಮುಂದಿನ ಬಾಗಿಲಿಂದ ಹಿಂದಿನ ಸೀಟಿನ ತನಕ ನುಗ್ಗಿ ಹೋಗಿ, ಟಿಕೆಟ್ ಹರಿದು, ಯಾರು ಎಲ್ಲಿ ಇಳೀಬೇಕು, ಯಾರಿಗೆ ಎಷ್ಟು ಚಿಲ್ಲರೆ ಬಾಕಿ, ಎಲ್ಲಾನೂ ಸರಿಯಾಗಿ ನಿಭಾಯಿಸ್ತಿದ್ದರು. ಚಿಕ್ಕವಳಿದ್ದಾಗ ನಾನು ಅವರ ಬಸ್ಸಲ್ಲಿ ಹೋಗಿದ್ದೀನಿ. ನಮ್ಮಪ್ಪನ ತಲೆಯಲ್ಲಿ ಕಂಪ್ಯೂಟರ್ ಇದೆ ಅಂತ ಸ್ಕೂಲಲ್ಲಿ ಹೇಳ್ಕೊಂಡು ತಿರುಗ್ತಿದ್ದೆ.

ಆ ದಿನ ಅವರು ಫೋನಲ್ಲಿ ಕರೆಂಟ್ ಬಿಲ್ ಕಟ್ತಾ ಇದ್ದರು. ಟಿವಿಯಲ್ಲಿ ಸುದ್ದಿ ಚಾನೆಲ್‌ನ ಚರ್ಚೆ, ನಾಲ್ಕು ಜನ ಒಟ್ಟಿಗೆ ಕೂಗ್ತಾ ಇದ್ದಾರೆ. ಅಮ್ಮ ಅಡುಗೆಮನೆಯಿಂದ ಏನೋ ಕೇಳ್ತಿದ್ದಾರೆ. ಓಟಿಪಿ ಬಂತು. ಆರು ಅಂಕಿ. ಅಪ್ಪ ಮೆಸೇಜ್ ತೆಗೆದು ಓದಿದರು, ವಾಪಸ್ ಆ್ಯಪ್‌ಗೆ ಹೋದರು, ಮೂರು ಅಂಕಿ ಒತ್ತಿದರು, ನಿಂತರು. ಮತ್ತೆ ಮೆಸೇಜ್ ನೋಡಿದರು. ಅಷ್ಟರಲ್ಲಿ ಸಮಯ ಮೀರಿತು. ಎರಡನೇ ಸಲವೂ ಹಾಗೇ ಆಯ್ತು. ಮೂರನೇ ಸಲ ನಾನು ಫೋನ್ ಕಿತ್ಕೊಂಡೆ. "ಬಿಡಿ ಅಪ್ಪ, ನಿಮ್ಮ ತಲೆ ಇನ್ಮೇಲೆ ಇದಕ್ಕೆಲ್ಲ ಓಡಲ್ಲ. ನಾನೇ ಮಾಡ್ತೀನಿ" ಅಂದೆ.

ಅವರು ಏನೂ ಹೇಳಲಿಲ್ಲ. ಟಿವಿ ಕಡೆ ತಿರುಗಿದರು. ನಾನು ಭಾನುವಾರ ಸಂಜೆ ರೈಲಿಗೆ ಬೆಂಗಳೂರಿಗೆ ಬಂದೆ. ಎರಡು ವಾರ ಆದ ಮೇಲೆ ಅಮ್ಮ ಫೋನ್ ಮಾಡಿ, "ನಿಮ್ಮಪ್ಪ ಗಣೇಶ ಸಮಿತಿಯ ಲೆಕ್ಕದ ಪುಸ್ತಕ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರು ಕಣೇ. ನನ್ನ ತಲೆ ಓಡ್ತಿಲ್ಲ, ಬೇರೆ ಯಾರಾದ್ರೂ ನೋಡ್ಕೊಳ್ಳಿ ಅಂದ್ರಂತೆ" ಅಂದರು.

ಆ ಯಂತ್ರದ ಒಳಗೆ ಮಲಗಿದ್ದಾಗ ನನ್ನ ಮನಸ್ಸಲ್ಲಿ ಸುತ್ತುತಾ ಇದ್ದದ್ದು ಇದು.

ಹೊರಗೆ ಬಂದ ಮೇಲೆ ಗೆಳತಿ ಹತ್ರ, "ಸಾರಿ, ಸುಮ್ಮನೆ ಇರೋಕೆ ಆಗಲಿಲ್ಲ, ಏನೇನೋ ನೆನಪಾಯ್ತು" ಅಂದೆ. ಅವಳು ನಕ್ಕಳು. "ಅದನ್ನೇ ರೆಕಾರ್ಡ್ ಮಾಡ್ಕೊಂಡಿದ್ದು" ಅಂದಳು.

ಇಲ್ಲಿಂದ ವಿಜ್ಞಾನದ ಕಥೆ.

ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2 ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸೋ ಶಕ್ತಿಯಲ್ಲಿ ಸುಮಾರು ಶೇ. 20 ಇದೊಂದಕ್ಕೇ ಬೇಕು. ಪರೀಕ್ಷೆ ಬರೆಯುವಾಗ, ಲೆಕ್ಕ ಮಾಡುವಾಗ ಇದು ತುಂಬಾ ಜಾಸ್ತಿ ಆಗುತ್ತೆ ಅಂತ ನಾವು ಅಂದ್ಕೊಳ್ತೀವಿ. 1955ರಲ್ಲಿ ಅಮೆರಿಕದ ಲೂಯಿಸ್ ಸೊಕೊಲಾಫ್ ಮತ್ತು ಜೊತೆಗಾರರು ಇದನ್ನ ಅಳೆದು ನೋಡಿದರು. ಮನಸ್ಸಲ್ಲೇ ಲೆಕ್ಕ ಮಾಡಿಸಿದರು. ಮಿದುಳು ಬಳಸೋ ಒಟ್ಟು ಆಕ್ಸಿಜನ್‌ನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಕಾಣಲಿಲ್ಲ. ಅಂದರೆ ನೀವು ಸುಮ್ಮನೆ ಕೂತಾಗಲೂ ಇಂಜಿನ್ ಹೆಚ್ಚುಕಮ್ಮಿ ಅಷ್ಟೇ ಡೀಸೆಲ್ ಕುಡೀತಿರುತ್ತೆ.

ಇದರ ಸುಳಿವು ಅದಕ್ಕೂ ಮುಂಚೆ ಸಿಕ್ಕಿತ್ತು. ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನ ದಾಖಲಿಸಿದರು. ಇವತ್ತು ಆಸ್ಪತ್ರೆಗಳಲ್ಲಿ ಇಇಜಿ ಅಂತಾರಲ್ಲ, ಅದೇ. ಕಣ್ಣು ಮುಚ್ಚಿ ಆರಾಮಾಗಿ ಕೂತವರ ಮಿದುಳಲ್ಲೂ ಅಲೆಗಳು ಎದ್ದು ಕಾಣ್ತಾ ಇದ್ದವು. ಆದರೂ ಬಹಳ ವರ್ಷ ಸಂಶೋಧಕರ ಗಮನವೆಲ್ಲ ಮಿದುಳು ಕೆಲಸ ಮಾಡುವಾಗ ಏನಾಗುತ್ತೆ ಅನ್ನೋ ಕಡೆಗೇ ಇತ್ತು. ವಿಶ್ರಾಂತಿಯ ಹೊತ್ತಿನ ಸಂಕೇತ ಅಂದರೆ ಗದ್ದಲ, ತೆಗೆದು ಬಿಸಾಕಬೇಕಾದ ಕಸ.

ಆ ಕಸದಲ್ಲಿ ಕೈ ಹಾಕಿ ಹುಡುಕಿದವರು ಭಾರತೀಯ ಮೂಲದ ಭರತ್ ಬಿಸ್ವಾಲ್. ಆಗ ಅವರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿ. ಎಫ್‌ಎಂಆರ್‌ಐ ಅನ್ನೋ ತಂತ್ರ ಅವಾಗಷ್ಟೇ ಬಂದಿತ್ತು. ಇದು ಮಿದುಳಿನ ಯಾವ ಭಾಗದ ರಕ್ತದಲ್ಲಿ ಆಕ್ಸಿಜನ್ ಮಟ್ಟ ಹೇಗೆ ಏರಿಳಿಯುತ್ತೆ ಅನ್ನೋದನ್ನ ತೋರಿಸುತ್ತೆ. ಜನ ಏನೂ ಮಾಡದೆ ಮಲಗಿರುವಾಗ ಬಿಸ್ವಾಲ್ ಸ್ಕ್ಯಾನ್ ಮಾಡಿದರು. ಎಡಗೈಯನ್ನೂ ಬಲಗೈಯನ್ನೂ ಆಡಿಸೋ ಮಿದುಳಿನ ಎರಡು ಭಾಗಗಳು ಎರಡು ಬದಿಯಲ್ಲಿ ದೂರದೂರ ಇವೆ. ಕೈ ಅಲ್ಲಾಡಿಸದೇ ಇದ್ದರೂ ಆ ಎರಡು ಭಾಗಗಳ ಸಂಕೇತ ಒಟ್ಟಿಗೆ ಏರ್ತಾ, ಒಟ್ಟಿಗೆ ಇಳೀತಾ ಇತ್ತು. ತುಂಬಾ ನಿಧಾನದ ಏರಿಳಿತ, ಒಂದು ಸುತ್ತಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು. 1995ರಲ್ಲಿ ಇದು ಪ್ರಕಟ ಆಯ್ತು. ಇದು ಬರೀ ಗದ್ದಲ ಅನ್ನೋರು ಆಗ ಬಹಳ ಜನ ಇದ್ದರು.

ಆಮೇಲೆ 2001. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೇಕಲ್ ತಂಡ ಒಂದು ವಿಚಿತ್ರ ಸಂಗತಿಗೆ ಹೆಸರು ಕೊಟ್ಟಿತು. ಹಣೆಯ ಹಿಂದೆ, ಮಿದುಳಿನ ನಡುಗೆರೆಯ ಪಕ್ಕ ಕೆಲವು ಭಾಗಗಳು, ಹಿಂಬದಿಯಲ್ಲಿ ಇನ್ನು ಕೆಲವು. ಕೈಗೆ ಒಂದು ಕೆಲಸ ಕೊಟ್ಟ ತಕ್ಷಣ ಇವುಗಳ ಚಟುವಟಿಕೆ ಕಡಿಮೆ ಆಗುತ್ತೆ, ಸುಮ್ಮನೆ ಬಿಟ್ಟರೆ ಮತ್ತೆ ಏರುತ್ತೆ. ಇವನ್ನ ಈಗ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತಾರೆ. ಹಳೇದನ್ನ ನೆನೆಸ್ಕೊಳ್ಳೋದು, ನಾಳೆಯದನ್ನ ಊಹಿಸೋದು, ನನ್ನ ಬಗ್ಗೆ ಅವರು ಏನಂದುಕೊಂಡರೋ ಅಂತ ಯೋಚಿಸೋದು, ಇವಕ್ಕೆಲ್ಲ ಈ ಜಾಲಕ್ಕೂ ನಂಟಿದೆ. ನಾನು ಯಂತ್ರದಲ್ಲಿ ಮಲಗಿ ತಿಪಟೂರಿಗೆ ಹೋಗಿ ಬಂದೆನಲ್ಲ, ಆ ಥರದ ಕೆಲಸ.

ಇದೊಂದೇ ಜಾಲ ಅಲ್ಲ. ಕಣ್ಣಿನ ಕೆಲಸಕ್ಕೆ ಒಂದು, ಕೈಕಾಲಿನ ಚಲನೆಗೆ ಒಂದು, ಗಮನಕ್ಕೆ, ಲೆಕ್ಕಾಚಾರದ ಹತೋಟಿಗೆ ಬೇರೆ ಬೇರೆ. 2011ರಲ್ಲಿ 1,000 ಜನರ ಸ್ಕ್ಯಾನ್‌ಗಳನ್ನ ಸೇರಿಸಿ ಮಿದುಳಿನ ಹೊರಪದರದಲ್ಲಿ ಇಂಥ 7 ದೊಡ್ಡ ಜಾಲಗಳ ನಕ್ಷೆ ಮಾಡಿದರು.

ಕಂಡಕ್ಟರ್ ಮಗಳಾಗಿ ಇದನ್ನ ಬಸ್ ಸ್ಟ್ಯಾಂಡಿನ ಭಾಷೆಯಲ್ಲಿ ಹೇಳ್ತೀನಿ. ಒಂದು ದೊಡ್ಡ ಬಸ್ ನಿಲ್ದಾಣ ನೆನೆಸ್ಕೊಳ್ಳಿ. ಹಾಸನದ ಕಡೆಯ ಬಸ್ಸುಗಳಿಗೆ ಒಂದು ಪ್ಲಾಟ್‌ಫಾರಂ, ಮೈಸೂರಿನ ಕಡೆಗೆ ಇನ್ನೊಂದು, ಶಿವಮೊಗ್ಗಕ್ಕೆ ಮತ್ತೊಂದು. ಆಯಾ ಕಡೆಯ ಬಸ್ಸು ಆಯಾ ಪ್ಲಾಟ್‌ಫಾರಂಗೇ ಬರುತ್ತೆ. ನಡುವೆ ಅಲ್ಲಲ್ಲಿ ದಾಟೋಕೆ ದಾರಿ ಇದೆ, ಇರಲೇಬೇಕು. ಆದರೆ ಎಲ್ಲಾ ಬಸ್ಸೂ ಎಲ್ಲಾ ಕಡೆ ನಿಂತರೆ ಏನಾಗುತ್ತೆ? ಬಸ್ಸು ಸಿಗುತ್ತೆ. ಹುಡುಕೋಕೆ ಹೊತ್ತು ಬೇಕು ಅಷ್ಟೇ.

ಈಗ ವಯಸ್ಸಿನ ವಿಷಯಕ್ಕೆ ಬರೋಣ. ನಾನಿಲ್ಲಿ ಹೇಳ್ತಿರೋದು ಕಾಯಿಲೆ ಇರೋರ ಬಗ್ಗೆ ಅಲ್ಲ. ಆರೋಗ್ಯವಾಗಿ, ತಮ್ಮ ಪಾಡಿಗೆ ತಾವು ಬದುಕ್ತಾ ವಯಸ್ಸಾಗ್ತಿರೋರ ಬಗ್ಗೆ.

2007ರಲ್ಲಿ ಜೆಸ್ಸಿಕಾ ಆಂಡ್ರ್ಯೂಸ್-ಹ್ಯಾನಾ, ರ‍್ಯಾಂಡಿ ಬಕ್ನರ್ ಮತ್ತು ಜೊತೆಗಾರರು 18ರಿಂದ 93 ವರ್ಷದವರ ಮಿದುಳನ್ನ ಹೋಲಿಸಿ ನೋಡಿದರು. ಡಿಫಾಲ್ಟ್ ಮೋಡ್ ಜಾಲದ ಮುಂದಿನ ತುದಿ, ಹಿಂದಿನ ತುದಿ ಎರಡೂ ಎಳೆಯರಲ್ಲಿ ಒಟ್ಟೊಟ್ಟಿಗೆ ಏರಿಳೀತಾ ಇದ್ದವು. ವಯಸ್ಸಾದವರಲ್ಲಿ ಆ ಹೊಂದಾಣಿಕೆ ಕಡಿಮೆ. ಹೊಂದಾಣಿಕೆ ಕಡಿಮೆ ಇದ್ದ ಹಿರಿಯರು ಬುದ್ಧಿಯ ಪರೀಕ್ಷೆಗಳಲ್ಲೂ ಹಿಂದೆ ಬೀಳೋ ಒಲವು ಕಾಣಿಸ್ತು. ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳೋದಾದ್ರೆ, ಒಂದೇ ಮಾರ್ಗದ ಎರಡು ತುದಿಗಳ ನಡುವೆ ಓಡೋ ಬಸ್ಸು ಕಮ್ಮಿ ಆಯ್ತು.

2014ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದ ಮಿಕೇಲಾ ಚಾನ್, ಗಗನ್ ವಿಗ್ ಮತ್ತು ತಂಡ 20ರಿಂದ 89 ವರ್ಷದ 210 ಆರೋಗ್ಯವಂತರನ್ನ ನೋಡಿದರು. ವಯಸ್ಸು ಹೆಚ್ಚಿದಂತೆ ಒಂದು ಜಾಲದ ಒಳಗಿನ ನಂಟು ಸಡಿಲ ಆಗುತ್ತೆ, ಬೇರೆ ಬೇರೆ ಜಾಲಗಳ ನಡುವಿನ ನಂಟು ಹೆಚ್ಚುತ್ತೆ. ಅಂದರೆ ಜಾಲಗಳ ನಡುವಿನ ಬೇಲಿ ಮಸುಕಾಗುತ್ತೆ, ಹಾಸನದ ಪ್ಲಾಟ್‌ಫಾರಂನಲ್ಲಿ ಮೈಸೂರಿನ ಬಸ್ಸೂ ಬಂದು ನಿಲ್ಲುತ್ತೆ. ಆಲೋಚನೆ, ನೆನಪಿಗೆ ಸಂಬಂಧಪಟ್ಟ ಜಾಲಗಳಲ್ಲಿ ಈ ಬೇಲಿ ಎಷ್ಟು ಗಟ್ಟಿ ಇದೆಯೋ, ನೆನಪಿನ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ಮಾಡೋ ಒಲವು ಇತ್ತು. ವಯಸ್ಸಿನ ಪ್ರಭಾವವನ್ನ ಲೆಕ್ಕದಿಂದ ತೆಗೆದ ಮೇಲೂ ಈ ನಂಟು ಉಳೀತು. ಹಾಗಂದ್ರೆ ಇಬ್ಬರಿಗೂ 70 ವರ್ಷ ಆಗಿದ್ದರೂ ಇಬ್ಬರ ಮಿದುಳೂ ಒಂದೇ ಥರ ಇರಬೇಕು ಅಂತೇನಿಲ್ಲ.

2016ರಲ್ಲಿ ಸಿಂಗಾಪುರದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೇರೆ ಬೇರೆ ವಯಸ್ಸಿನವರನ್ನ ಹೋಲಿಸೋ ಬದಲು ಅದೇ ಹಿರಿಯರನ್ನ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಡಿಫಾಲ್ಟ್ ಮೋಡ್ ಜಾಲ, ಹತೋಟಿಯ ಜಾಲ, ಇವೆರಡರ ನಡುವಿನ ಗಡಿ ನಿಧಾನವಾಗಿ ಅಳಿಸ್ತಾ ಹೋಗೋದು ಕಾಣಿಸ್ತು. ಅದರ ಜೊತೆಗೆ ಕೆಲಸದ ವೇಗ ಕುಗ್ಗೋದಕ್ಕೂ ನಂಟು ಸಿಕ್ತು.

ಈಗ ನಮ್ಮ ಮನೆಯ ಹಾಲ್‌ಗೆ ವಾಪಸ್ ಬನ್ನಿ. ಒಂದು ಕಡೆ ಟಿವಿ ಚರ್ಚೆ, ಒಂದು ಕಡೆ ಅಮ್ಮನ ಪ್ರಶ್ನೆ, ಕೈಯಲ್ಲಿ ಆರು ಅಂಕಿ, ಹಿಂದೆ ನಿಂತು ಉಸಿರು ಬಿಡ್ತಿರೋ ಮಗಳು. ಬೇಡದ್ದನ್ನ ಹೊರಗೆ ಇಟ್ಟು ಬೇಕಾದ್ದನ್ನ ಕೆಲವು ಸೆಕೆಂಡ್ ಹಿಡಿದಿಟ್ಟುಕೊಳ್ಳೋ ಕೆಲಸ ಅದು. ವಯಸ್ಸಾದಂತೆ ಕಷ್ಟ ಆಗೋದು ಮುಖ್ಯವಾಗಿ ಈ ಥರದ ಕೆಲಸವೇ. ಕೆಲಸ ಎದುರಿಗಿದ್ದಾಗಲೂ ಹಿರಿಯರ ಡಿಫಾಲ್ಟ್ ಮೋಡ್ ಜಾಲ ಎಳೆಯರಷ್ಟು ತಗ್ಗೋದಿಲ್ಲ ಅಂತ ಹಲವು ಅಧ್ಯಯನಗಳು ತೋರಿಸಿವೆ. ನಮ್ಮಪ್ಪನ ಮಿದುಳನ್ನ ಯಾರೂ ಸ್ಕ್ಯಾನ್ ಮಾಡಿಲ್ಲ, ಅವರೊಳಗೆ ಇದೇ ಆಯ್ತು ಅಂತ ನಾನು ಹೇಳಲ್ಲ. ಆದರೆ ಒಂದು ಮಾತು ಖಂಡಿತ ಹೇಳಬಲ್ಲೆ. ನಾನು ಅವತ್ತು ಪರೀಕ್ಷೆ ಮಾಡಿದ್ದು ಅವರ ಬುದ್ಧಿಯನ್ನಲ್ಲ. ಗದ್ದಲದಲ್ಲಿ, ಗಡಿಬಿಡಿಯಲ್ಲಿ, ಮೂವತ್ತು ಸೆಕೆಂಡಲ್ಲಿ ಎರಡು ಆ್ಯಪ್ ನಡುವೆ ಓಡಾಡೋ ವೇಗವನ್ನ. ಅದೊಂದನ್ನೇ ನೋಡಿ ತಲೆಯೇ ಓಡಲ್ಲ ಅಂತ ತೀರ್ಪು ಕೊಟ್ಟೆ.

ನೀವು 22ರೋ 28ರೋ ಇದ್ದು, ಇದೆಲ್ಲ ಮುದುಕರ ವಿಷಯ ಅಂದ್ಕೊಂಡು ಕೇಳ್ತಿದ್ರೆ, ಇದು ನಿಮಗೆ. ಅಮೆರಿಕದ ಟಿಮತಿ ಸಾಲ್ಟ್‌ಹೌಸ್ 2009ರಲ್ಲಿ ಬರೆದ ಒಂದು ಪ್ರಬಂಧದ ಪ್ರಕಾರ, ಆರೋಗ್ಯವಂತ ವಿದ್ಯಾವಂತರಲ್ಲೂ ಕೆಲವು ಸಾಮರ್ಥ್ಯಗಳ ಇಳಿಕೆ ಇಪ್ಪತ್ತು-ಮೂವತ್ತರ ವಯಸ್ಸಲ್ಲೇ ಶುರು ಆಗುತ್ತೆ. 2015ರಲ್ಲಿ ಜೋಶುವಾ ಹಾರ್ಟ್‌ಶಾರ್ನ್ ಮತ್ತು ಲಾರಾ ಜರ್ಮೈನ್ ಅಂತರ್ಜಾಲದ ಮೂಲಕ ಸಾವಿರಾರು ಜನರನ್ನ ಪರೀಕ್ಷೆ ಮಾಡಿದರು. ಮಾಹಿತಿಯನ್ನ ಗ್ರಹಿಸಿ ಉತ್ತರಿಸೋ ವೇಗ 18–19ರ ಹೊತ್ತಿಗೇ ತುದಿ ಮುಟ್ಟುತ್ತೆ. ಕೆಲವು ಕ್ಷಣ ನೆನಪಿಟ್ಟುಕೊಳ್ಳೋ ಶಕ್ತಿ 25ರ ತನಕ ಬೆಳೆದು, ಕೆಲವು ವರ್ಷ ಹಾಗೇ ನಿಂತು, 35ರ ಹೊತ್ತಿಗೆ ಇಳಿಯೋಕೆ ಶುರು ಆಗುತ್ತೆ. ಆದರೆ ಪದಸಂಪತ್ತು? ಅದು ಅರವತ್ತರ ಕೊನೆಯ ತನಕ ಏರ್ತಾನೇ ಇತ್ತು.

ಅಂದರೆ ಎಲ್ಲಾ ಸಾಮರ್ಥ್ಯಗಳೂ ಒಟ್ಟಿಗೆ ತುದಿಯಲ್ಲಿರೋ ವಯಸ್ಸು ಅಂತ ಒಂದಿಲ್ಲ. ನಿಮ್ಮಲ್ಲಿ ಯಾವುದೋ ಆಗಲೇ ಇಳೀತಿದೆ, ನಿಮ್ಮ ಅಜ್ಜಿಯಲ್ಲಿ ಯಾವುದೋ ಈಗಲೂ ಏರ್ತಿರಬಹುದು. ಊರಲ್ಲಿ ಜಗಳ ಆದಾಗ ಯಾರ ಹತ್ರ ಹೇಗೆ ಮಾತಾಡಬೇಕು ಅಂತ ಹಿರಿಯರಿಗೆ ಗೊತ್ತಿರುತ್ತಲ್ಲ, ಅದಕ್ಕೆ ಓಟಿಪಿ ಥರ ಸಮಯ ಮೀರಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೇಳುಗರು ಸುಲಭಕ್ಕೆ ನಂಬೋರಲ್ಲ, ನಂಬಲೂಬಾರದು. ಈ ಬಣ್ಣಬಣ್ಣದ ಮಿದುಳಿನ ಚಿತ್ರಗಳನ್ನ ಎಷ್ಟು ನಂಬಬೇಕು?

ಮೊದಲನೇದು, ಅಲ್ಲಾಡೋದು. ಸ್ಕ್ಯಾನರ್‌ನಲ್ಲಿ ತಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲ್ಲಾಡಿದರೂ ಸಂಕೇತ ಕೆಡುತ್ತೆ. ದೂರದ ಭಾಗಗಳ ನಡುವೆ ನಂಟು ಕಮ್ಮಿ ಇರೋ ಹಾಗೆ, ಹತ್ತಿರದ ಭಾಗಗಳ ನಡುವೆ ಜಾಸ್ತಿ ಇರೋ ಹಾಗೆ ಸುಳ್ಳು ಚಿತ್ರ ಬರುತ್ತೆ. 2012ರಲ್ಲಿ ಮೂರು ಬೇರೆ ಬೇರೆ ತಂಡಗಳು ಇದನ್ನ ತೋರಿಸಿದಾಗ ಈ ಕ್ಷೇತ್ರಕ್ಕೇ ಶಾಕ್ ಹೊಡೆದಂಗಾಯ್ತು. ಯಾಕಂದ್ರೆ ವಯಸ್ಸಾದವರು ಸಾಮಾನ್ಯವಾಗಿ ಎಳೆಯರಿಗಿಂತ ಹೆಚ್ಚು ಅಲ್ಲಾಡ್ತಾರೆ. ಹಾಗಾದ್ರೆ ನಾವು ಕಂಡಿದ್ದು ವಯಸ್ಸೋ, ಅಲ್ಲಾಟವೋ? ಅಲ್ಲಿಂದ ಮುಂದೆ ಅಲ್ಲಾಟದ ಲೆಕ್ಕ ತೆಗೆಯೋ ವಿಧಾನಗಳು ಬಿಗಿಯಾದವು. ವಯಸ್ಸಿನ ಪರಿಣಾಮ ಆಮೇಲೂ ಉಳೀತು, ಆದರೆ ಎಚ್ಚರಿಕೆ ಜಾಸ್ತಿ ಆಯ್ತು.

ಎರಡನೇದು, ರಕ್ತನಾಳ. ಎಫ್‌ಎಂಆರ್‌ಐ ನರಕೋಶಗಳನ್ನ ನೇರವಾಗಿ ನೋಡಲ್ಲ, ರಕ್ತದ ಆಕ್ಸಿಜನ್ ಮೂಲಕ ಊಹಿಸುತ್ತೆ. ವಯಸ್ಸಾದಂತೆ ರಕ್ತನಾಳವೂ ಗಡುಸಾಗುತ್ತೆ. ಬದಲಾಗಿದ್ದು ನರಕೋಶವೋ, ನಾಳವೋ ಅಂತ ಬಿಡಿಸಿ ನೋಡೋದು ಸುಲಭ ಅಲ್ಲ.

ಮೂರನೇದು, ಸಂಖ್ಯೆ. ಮಿದುಳಿನ ಚಿತ್ರಕ್ಕೂ ಬುದ್ಧಿಯ ಅಂಕಕ್ಕೂ ಇರೋ ನಂಟು ಬಹಳ ಸಣ್ಣದು, ಅದನ್ನ ನಂಬಿಕೆಯಿಂದ ಹಿಡಿಯೋಕೆ ಸಾವಿರಾರು ಜನ ಬೇಕು ಅಂತ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು.

ನನ್ನ ಸ್ಕ್ಯಾನ್ ಆದ ಮೇಲೆ ನಾನು ಗೆಳತಿ ಹತ್ರ ಆಸೆಯಿಂದ ಕೇಳಿದ್ದೆ: "ನನ್ನ ಜಾಲ ಹೇಗಿದೆ? ಬೇಲಿ ಗಟ್ಟಿ ಇದೆಯಾ?" ಅವಳು ಅಂದಳು, "ಒಬ್ಬರ ಚಿತ್ರ ಇಟ್ಕೊಂಡು ನಾನು ಏನೂ ಹೇಳಲ್ಲ. ಹೇಳ್ತೀನಿ ಅನ್ನೋರನ್ನ ನೀನು ನಂಬಬೇಡ." ಗುಂಪಿನ ಸರಾಸರಿ ಒಬ್ಬ ವ್ಯಕ್ತಿಯ ಅಂಕಪಟ್ಟಿ ಅಲ್ಲ. ನಮ್ಮಪ್ಪನದ್ದೂ ಅಲ್ಲ.

ಇನ್ನೊಂದು ಪ್ರಶ್ನೆ ನಿಮಗೆ ಬಂದಿರಬಹುದು. ಇದೆಲ್ಲ ಡಲ್ಲಾಸ್, ಸೇಂಟ್ ಲೂಯಿಸ್, ಸಿಂಗಾಪುರದವರ ಮಿದುಳು. ನಮ್ಮೂರಿನವರದ್ದು? ಸರಿಯಾದ ಪ್ರಶ್ನೆ. ಓದು, ಊಟ, ದುಡಿಮೆ, ಬಿಪಿ, ಶುಗರ್, ಎಲ್ಲಾ ಬೇರೆ ಇರೋವಾಗ ವಯಸ್ಸಾಗೋ ರೀತಿಯೂ ಬೇರೆ ಇರಬಹುದು. ಇದಕ್ಕೆ ಉತ್ತರ ಹುಡುಕೋ ಕೆಲಸ ನಮ್ಮ ಕೋಲಾರ ಜಿಲ್ಲೆಯಲ್ಲೇ ನಡೀತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರೋ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘ ಅಧ್ಯಯನ ಶುರು ಮಾಡಿತು. 45 ವರ್ಷ ದಾಟಿದ, ಡಿಮೆನ್ಷಿಯಾ ಅಂದರೆ ಮರೆಗುಳಿ ಕಾಯಿಲೆ ಇಲ್ಲದ ಸುಮಾರು 10,000 ಜನರನ್ನ ಸೇರಿಸ್ಕೊಂಡು ವರ್ಷಾನುಗಟ್ಟಲೆ ಗಮನಿಸೋದು ಗುರಿ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ ಎಲ್ಲಾ ಇದೆ. ಬೆಂಗಳೂರು ನಗರದವರಿಗೆ ಇದರ ಜೊತೆಯ ಇನ್ನೊಂದು ಅಧ್ಯಯನ ಇದೆ. ಮಾವಿನ ತೋಪಿನಲ್ಲಿ ದುಡಿದವರ ಮಿದುಳು ಹೇಗೆ ವಯಸ್ಸಾಗುತ್ತೆ ಅಂತ ಮುಂದೆ ನಮಗೆ ಇಲ್ಲಿಂದಲೇ ತಿಳಿಯುತ್ತೆ.

ಸರಿ, ಮಾಡೋದೇನು? ಫೋನಲ್ಲಿ 'ಮಿದುಳು ಚುರುಕು ಮಾಡೋ' ಆಟದ ಆ್ಯಪ್‌ಗಳು ಬೇಕಾದಷ್ಟಿವೆ. ಆಡಿ, ತಪ್ಪೇನಿಲ್ಲ. ಆದರೆ 2016ರಲ್ಲಿ ಲುಮಾಸಿಟಿ ಅನ್ನೋ ಆ್ಯಪ್‌ನ ಕಂಪನಿ, ವಯಸ್ಸಿನ ಮರೆವನ್ನ ತಡೀತೀವಿ ಅಂತ ಸಾಕಷ್ಟು ಪುರಾವೆ ಇಲ್ಲದೆ ಜಾಹೀರಾತು ಕೊಟ್ಟ ಆರೋಪಕ್ಕೆ ಅಮೆರಿಕದ ಸರ್ಕಾರಿ ಸಂಸ್ಥೆಗೆ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡ್ಕೊಂಡಿತು. ಆಟ ಆಡಿದರೆ ಆ ಆಟದಲ್ಲಿ ಚುರುಕಾಗ್ತೀವಿ. ಅದು ಬದುಕಿನ ಬೇರೆ ಕೆಲಸಕ್ಕೂ ಹರಿಯುತ್ತೆ ಅನ್ನೋದಕ್ಕೆ ಪುರಾವೆ ತೆಳು.

ಇದಕ್ಕಿಂತ ಗಟ್ಟಿ ಪುರಾವೆ ಬಂದಿದ್ದು ಫಿನ್‌ಲೆಂಡಿನಿಂದ. ಫಿಂಗರ್ ಅಂತ ಅದರ ಹೆಸರು, 2015ರಲ್ಲಿ ಫಲಿತಾಂಶ ಬಂತು. 60ರಿಂದ 77 ವರ್ಷದ, ಮುಂದೆ ಮರೆವಿನ ಅಪಾಯ ಸ್ವಲ್ಪ ಹೆಚ್ಚಿದ್ದ 1,260 ಜನ. ಅರ್ಧದಷ್ಟು ಜನಕ್ಕೆ ಎರಡು ವರ್ಷ ಊಟದ ಸಲಹೆ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿಪಿ-ಶುಗರ್ ಮೇಲೆ ಕಣ್ಣು, ನಾಲ್ಕೂ ಒಟ್ಟಿಗೆ. ಉಳಿದವರಿಗೆ ಮಾಮೂಲಿ ಆರೋಗ್ಯ ಸಲಹೆ. ನಾಲ್ಕೂ ಮಾಡಿದವರು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದೆ ಬಂದರು. ದೊಡ್ಡ ಪವಾಡ ಅಲ್ಲ, ಸಣ್ಣ ವ್ಯತ್ಯಾಸ. ಆದರೆ ನಿಜವಾದ ವ್ಯತ್ಯಾಸ. ಇದರ ಜೊತೆಗೆ ಕಿವಿ ಕೇಳಿಸದೇ ಇದ್ದರೆ ಅದನ್ನ ತೋರಿಸ್ಕೊಳ್ಳೋದು, ನಾಲ್ಕು ಜನರ ಜೊತೆ ಬೆರೆಯೋದು ಕೂಡ ಮುಖ್ಯ ಅಂತ ತಜ್ಞರು ಹೇಳ್ತಾರೆ.

ಹಾಗಂತ ಎಲ್ಲಾ ಮರೆವನ್ನೂ ವಯಸ್ಸು ಅಂತ ತಳ್ಳಿಹಾಕಬೇಡಿ. ದಿನಾ ಓಡಾಡೋ ದಾರಿ ತಪ್ಪೋದು, ಹೇಳಿ ಹತ್ತು ನಿಮಿಷ ಆಗಿಲ್ಲ, ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳೋದು, ಗೊತ್ತಿದ್ದ ಅಡುಗೆಯ ಕ್ರಮವೇ ಮರೆತುಹೋಗೋದು, ಸ್ವಭಾವವೇ ಬದಲಾಗೋದು, ಇಂಥದ್ದು ಕಂಡರೆ ವೈದ್ಯರ ಹತ್ರ ಕರ್ಕೊಂಡು ಹೋಗಿ. ಕೆಲವೊಮ್ಮೆ ಕಾರಣ ಥೈರಾಯ್ಡ್ ಇರುತ್ತೆ, ಬಿ12 ವಿಟಮಿನ್ ಕೊರತೆ ಇರುತ್ತೆ, ಖಿನ್ನತೆ ಇರುತ್ತೆ. ಇವಕ್ಕೆ ಚಿಕಿತ್ಸೆ ಇದೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕೋದು, ಹೆಸರು ನಾಲಿಗೆ ತುದಿಯಲ್ಲಿದ್ದು ಆಮೇಲೆ ನೆನಪಾಗೋದು, ಇವು ಬೇರೆ.

ಕೊನೆಗೆ ನಮ್ಮ ಮನೆಗೆ ಬರ್ತೀನಿ.

ಹೋದ ಶನಿವಾರ ತಿಪಟೂರಿಗೆ ಹೋಗಿದ್ದೆ. ಕ್ಷಮೆ ಕೇಳೋಕೆ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಬರಲ್ಲ. ನಾನು ಟಿವಿ ಆಫ್ ಮಾಡಿದೆ. "ಅಪ್ಪ, ಈ ತಿಂಗಳ ಕರೆಂಟ್ ಬಿಲ್ ನೀವೇ ಕಟ್ಟಿ" ಅಂದೆ. "ನೀನೇ ಕಟ್ಟಮ್ಮ" ಅಂದರು. "ಇಲ್ಲ, ನಾನು ಆ ಕಡೆ ಕೂತಿರ್ತೀನಿ" ಅಂತ ಹೋಗಿ ಜಗಲಿಯಲ್ಲಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಇಣುಕಿ ನೋಡಿದೆ. ಅಪ್ಪ ಜೇಬಿಂದ ಪೆನ್ನು ತೆಗೆದು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಓಟಿಪಿ ಬರ್ಕೊಂಡರು. ಮೂರು ಅಂಕಿ, ಸ್ವಲ್ಪ ಜಾಗ, ಮತ್ತೆ ಮೂರು ಅಂಕಿ. ಹಾಳೆ ನೋಡ್ತಾ ನಿಧಾನಕ್ಕೆ ಒತ್ತಿದರು. ಬಿಲ್ ಕಟ್ಟಿ ಆಯ್ತು. ಹಾಳೆ ಹರಿದು ಬಿಸಾಕಿದರು.

"ಬಸ್ಸಲ್ಲಿ ಅಷ್ಟೊಂದು ಜನರ ಚಿಲ್ಲರೆ ತಲೆಯಲ್ಲೇ ಇಟ್ಕೊಳ್ತಿದ್ರಲ್ಲ ಅಪ್ಪ" ಅಂದೆ.

"ತಲೆಯಲ್ಲಿ ಇಟ್ಕೊಳ್ತಿದ್ದೆ ಅಂತ ಯಾರು ಹೇಳಿದ್ದು? ಟಿಕೆಟ್ ಹಿಂದೆ ಬರೆದು ಕೊಡ್ತಿದ್ನಲ್ಲಮ್ಮ. ಎಲ್ಲರ ಚಿಲ್ಲರೆ ನೆನಪಿಟ್ಕೊಳ್ಳೋಕೆ ನಾನೇನು ಶಕುಂತಲಾ ದೇವಿನಾ?"

ನನ್ನ ಕಂಪ್ಯೂಟರ್ ಅಪ್ಪ, ಮೂವತ್ತನೇ ವಯಸ್ಸಲ್ಲೂ ಪೆನ್ನನ್ನೇ ನಂಬಿದ್ದರು. ಬರ್ಕೊಳ್ಳೋದು ಸೋಲಲ್ಲ, ಅದು ಅವರ ವೃತ್ತಿಯ ಜಾಣತನ. ನಾನು ಅದಕ್ಕೆ ಹೊತ್ತು ಕೊಟ್ಟಿರಲಿಲ್ಲ ಅಷ್ಟೇ.

ಗಣೇಶ ಸಮಿತಿಯ ಲೆಕ್ಕದ ಪುಸ್ತಕ ಇನ್ನೂ ಪಕ್ಕದ ಮನೆಯಲ್ಲೇ ಇದೆ. ವಾಪಸ್ ತಗೊಳ್ಳಿ ಅಂದೆ. "ನೋಡೋಣ" ಅಂದರು. ನಾನು ಸಿಟ್ಟಲ್ಲಿ ಅಂದ ಒಂದು ಮಾತು ಅವರ ಮನಸ್ಸಲ್ಲಿ ಎಷ್ಟು ದಿನ ಸುತ್ತುತ್ತೋ ನನಗೆ ಗೊತ್ತಿಲ್ಲ.

ಹಾಗಾಗಿ ನಿಮ್ಮ ಹತ್ರ ಮೂರೇ ಕೋರಿಕೆ. ಮನೆಯ ಹಿರಿಯರಿಗೆ ಫೋನ್ ಕಲಿಸುವಾಗ ಟಿವಿ ಆಫ್ ಮಾಡಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಐದು ಸೆಕೆಂಡ್ ಕಾಯಿರಿ. ಅವರ ಬದಲು ನೀವೇ ಉತ್ತರ ಕೊಡಬೇಡಿ, ಫೋನ್ ಕಿತ್ಕೊಳ್ಳಬೇಡಿ. ನಿಧಾನ ಅಂದ್ರೆ ಇಲ್ಲ ಅಂತ ಅಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಅದಕ್ಕೂ ಮುಂಚೆ ಮನೆಗೆ ಒಂದು ಫೋನ್ ಮಾಡಿ.